ಆಯುಧವಿಲ್ಲದೆ ಯುದ್ಧಭೂಮಿಗೆ ಹೋಗುವವರು

ಸಭೆಗಳ ಸಾಯಂಕಾಲದ ಕೂಟಕ್ಕೆ ಒಂದು ಪಾಠ

ಪಾಠದ ಉದ್ದೇಶ: ಯುದ್ಧ ನಡೆಯುವ ದೇಶಗಳಲ್ಲಿ ಆಯುಧ ಹಿಡಿಯದ ಜನರಿಗೆ ಅನ್ನ, ನೀರು, ಔಷಧಗಳನ್ನು ತಲುಪಿಸುವವರು ಯಾರು, ಅವರು ಯಾವ ನಿಯಮದಿಂದ ನಡೆಯುತ್ತಾರೆ, ಇದರಲ್ಲಿ ನಮ್ಮ ಪಾಲು ಏನು ಎಂಬದನ್ನು ತಿಳಿದುಕೊಳ್ಳುವದು.



ನಾನು ವಾಸಿಸುವ ಬನ್ನಿಮಂಟಪದ ಹೆಸರನ್ನು ಮೈಸೂರು ಸೀಮೆಯಲ್ಲಿ ಅರಿಯದವರು ಕಡಿಮೆ. ವಿಜಯದಶಮಿಯ ದಿನ ಅರಮನೆಯಿಂದ ಹೊರಡುವ ಜಂಬೂಸವಾರಿಯು ಇಲ್ಲಿಗೇ ಬಂದು ಮುಗಿಯುವದು. ರಾತ್ರಿ ಇಲ್ಲಿಯ ಬಯಲಿನಲ್ಲಿ ಪಂಜಿನ ಕವಾಯತು ನಡೆಯುವದು. ಪಾಂಡವರು ಅಜ್ಞಾತವಾಸಕ್ಕೆ ಹೋಗುವ ಮುಂಚೆ ತಮ್ಮ ಆಯುಧಗಳನ್ನು ಬನ್ನಿಮರದಲ್ಲಿ ಬಚ್ಚಿಟ್ಟರೆಂದೂ, ವರುಷ ತುಂಬಿದ ಮೇಲೆ ಅವುಗಳನ್ನು ಇಳಿಸಿಕೊಂಡು ಯುದ್ಧಕ್ಕೆ ಹೊರಟರೆಂದೂ ನಮ್ಮ ದೇಶದವರು ಹೇಳುವ ಕಥೆಯನ್ನು ನೀವೆಲ್ಲರೂ ಬಾಲ್ಯದಿಂದ ಕೇಳಿದ್ದೀರಿ. ಆಯುಧ ಇಳಿಸಿದವರ ಹೆಸರುಗಳು ಎಲ್ಲರಿಗೂ ಬಾಯಿಪಾಠವಾಗಿವೆ. ಆದರೆ ಸೈನ್ಯಗಳು ನಡೆದುಹೋದ ದಾರಿಯಲ್ಲಿ ಮನೆ ಕಟ್ಟಿಕೊಂಡಿದ್ದವರ ಗತಿ ಏನಾಯಿತು, ಅವರಿಗೆ ಒಂದು ತುತ್ತು ಅನ್ನ ಕೊಟ್ಟವರು ಯಾರು ಎಂದು ಕೇಳುವವರು ವಿರಳ.

ಇಲ್ಲಿಂದ ಹತ್ತು ಮೈಲಿಯೊಳಗಿರುವ ಶ್ರೀರಂಗಪಟ್ಟಣದ ಕೋಟೆಯು 1799ನೇ ಇಸವಿ ಮೇ ತಿಂಗಳ 4ರಂದು ಬಿದ್ದಿತು. ಆ ರಾತ್ರಿ ಪಟ್ಟಣವು ಸೂರೆಯಾಯಿತು. ಮರುದಿನ ಸುಲಿಗೆಗಾರರಲ್ಲಿ ಕೆಲವರನ್ನು ಗಲ್ಲಿಗೇರಿಸಿದ ಮೇಲೆಯೇ ಅದು ನಿಂತಿತು. ಪಟ್ಟಣದ ಹೆಂಗಸರಿಗೂ ಮಕ್ಕಳಿಗೂ ಗಂಜಿ ಕೊಡುವದೇ ತಮ್ಮ ಕೆಲಸವೆಂದು ಬರುವ ಸಂಘವೊಂದೂ ಆ ಕಾಲದಲ್ಲಿ ಇರಲಿಲ್ಲ. ಅಂಥ ಸಂಘಗಳು ಹುಟ್ಟುವದಕ್ಕೆ ಇನ್ನೂ ಅರುವತ್ತು ವರುಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

ಈ ಪಾಠವನ್ನು ಬರೆಯುವದಕ್ಕೆ ಕಾರಣವೊಂದುಂಟು. ನಮ್ಮ ಕೂಟಕ್ಕೆ ತಪ್ಪದೆ ಬರುವ ಒಬ್ಬ ವಿಧವೆಯು ಒಂದು ಸಾಯಂಕಾಲ ಎಲ್ಲರೂ ಎದ್ದುಹೋದ ಮೇಲೆ ನನ್ನ ಬಳಿಗೆ ಬಂದರು. ಅವರ ಒಬ್ಬಳೇ ಮಗಳು ದಾದಿಯ ಕೆಲಸವನ್ನು ಕಲಿತವಳು. ಯುದ್ಧಪೀಡಿತ ದೇಶಗಳಿಗೆ ವೈದ್ಯರನ್ನೂ ದಾದಿಯರನ್ನೂ ಕಳುಹಿಸುವ ಒಂದು ಸಂಘಕ್ಕೆ ತಾನು ಸೇರಬೇಕೆಂದಿದ್ದೇನೆ ಎಂದು ಆಕೆ ಕಾಗದ ಬರೆದಿದ್ದಳು. ತಾಯಿಯು ಆ ಕಾಗದವನ್ನು ಸೆರಗಿನ ತುದಿಯಿಂದ ಬಿಚ್ಚಿ ನನ್ನ ಕೈಗೆ ಕೊಟ್ಟು, "ಅಯ್ಯನವರೇ, ತಡೆಯಲೋ, ಕಳುಹಿಸಲೋ? ನೀವೇ ಹೇಳಿ. ಅಲ್ಲಿ ನಮ್ಮವರು ಅನ್ನೋರು ಯಾರಿದ್ದಾರೆ?" ಎಂದರು. ನಾನು ಆ ರಾತ್ರಿ ಉತ್ತರ ಕೊಡಲಾರದೆ ಹೋದೆನು. ಎರಡು ವಾರ ತಡೆಯಿರಮ್ಮ ಎಂದು ಹೇಳಿ, ಈ ವಿಷಯವನ್ನು ಓದಲಾರಂಭಿಸಿದೆನು. ಓದಿ ತಿಳಿದದ್ದನ್ನು ಕ್ರಮವಾಗಿ ನಿಮ್ಮ ಮುಂದೆ ಇಡುತ್ತೇನೆ.

1. ಹುಣಸೂರು ಸೀಮೆಯವರು ಸೂಡಾನಿನಲ್ಲಿ

ಅಲ್ಲಿ ನಮ್ಮವರು ಯಾರಿದ್ದಾರೆ ಎಂಬ ಮಾತಿಗೆ ಮೊದಲು ಉತ್ತರ ಹೇಳುವೆನು. ನಮ್ಮ ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನಲ್ಲಿಯೂ, ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳಲ್ಲಿಯೂ ಹಕ್ಕಿಪಿಕ್ಕಿಗಳೆಂಬ ಜನರಿದ್ದಾರೆ. ಪೂರ್ವದಲ್ಲಿ ಹಕ್ಕಿ ಹಿಡಿಯುವದು ಅವರ ಕಸುಬು. ಕಾನೂನು ಅದನ್ನು ನಿಲ್ಲಿಸಿದ ಮೇಲೆ ಅವರಲ್ಲಿ ಅನೇಕರು ಗಿಡಮೂಲಿಕೆಯ ಎಣ್ಣೆ ಔಷಧಗಳನ್ನು ಮಾರಿ ಜೀವಿಸುವವರಾದರು. ಈ ವ್ಯಾಪಾರದ ನಿಮಿತ್ತ ಅವರು ಆಫ್ರಿಕ ಖಂಡದ ದೇಶಗಳ ವರೆಗೂ ಹೋಗಿಬರುತ್ತಾರೆ.

2023ನೇ ಇಸವಿ ಏಪ್ರಿಲ್ 15ರಂದು ಸೂಡಾನ್ ದೇಶದಲ್ಲಿ ಸರ್ಕಾರದ ಸೈನ್ಯಕ್ಕೂ, ಕ್ಷಿಪ್ರ ಸಹಾಯ ಪಡೆ ಎಂಬ ಇನ್ನೊಂದು ಸಶಸ್ತ್ರ ಪಡೆಗೂ ಯುದ್ಧ ಹತ್ತಿತು. ಆಗ ನಮ್ಮ ನಾಡಿನ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಕೊಂಡರು. ಕೆಲವರು ರಾಜಧಾನಿಯಾದ ಖಾರ್ಟೂಮಿನಲ್ಲಿದ್ದರು. ಬೇರೆ ಕೆಲವರು ಪಶ್ಚಿಮದ ಡಾರ್ಫುರ್ ಸೀಮೆಯ ಎಲ್ ಫಾಶರ್ ಪಟ್ಟಣದಲ್ಲಿದ್ದರು. ಬಾಡಿಗೆ ಮನೆಗಳಲ್ಲಿ ಬಾಗಿಲು ಹಾಕಿಕೊಂಡು, ಹೊರಗೆ ಗುಂಡಿನ ಶಬ್ದ ಕೇಳುತ್ತಾ, ಇದ್ದ ಕೊಂಚ ನೀರನ್ನೂ ಆಹಾರವನ್ನೂ ಹಂಚಿಕೊಂಡು ದಿನ ಕಳೆದರು. ಅವರ ಕೂಗು ಕೈಫೋನಿನ ಮುಖಾಂತರ ಕರ್ನಾಟಕಕ್ಕೆ ಮುಟ್ಟಿತು. ಏಪ್ರಿಲ್ 24ರಿಂದ ಭಾರತ ಸರ್ಕಾರವು ನಮ್ಮ ಕಾವೇರಿ ನದಿಯ ಹೆಸರನ್ನೇ ಇಟ್ಟು ಒಂದು ಕಾರ್ಯಾಚರಣೆಯನ್ನು ನಡಿಸಿತು. ಸುಮೇಧಾ ಎಂಬ ನೌಕೆಯು ಪೋರ್ಟ್ ಸೂಡಾನ್ ರೇವಿನಿಂದ 278 ಮಂದಿಯ ಮೊದಲನೆಯ ತಂಡವನ್ನು ಜೆಡ್ಡಾ ಪಟ್ಟಣಕ್ಕೆ ಸಾಗಿಸಿತು. ಮೇ 5ರೊಳಗಾಗಿ ಒಟ್ಟು 3,862 ಮಂದಿ ಸೂಡಾನಿನಿಂದ ಹೊರಗೆ ಬಂದರು.

ನಮ್ಮವರು ಬಂದರೆಂದು ನಾವು ಸಂತೋಷಪಟ್ಟೆವು, ಅದು ನ್ಯಾಯವೇ. ಆದರೆ ಅವರಿಗೆ ಬಾಡಿಗೆಗೆ ಮನೆ ಕೊಟ್ಟವರು, ಅವರ ಎಣ್ಣೆಯನ್ನು ಕೊಂಡವರು, ಅವರಿಗೆ ರೊಟ್ಟಿ ಮಾರಿದವರು ಎಲ್ಲಿಗೆ ಹೋಗಬೇಕು? ಅವರಿಗೋಸ್ಕರ ಯಾವ ಹಡಗೂ ಬರಲಿಲ್ಲ. 2024ರ ಮೇ ತಿಂಗಳಿಂದ ಎಲ್ ಫಾಶರ್ ಪಟ್ಟಣವು ಮುತ್ತಿಗೆಗೆ ಒಳಗಾಯಿತು. ಅದರ ಹತ್ತಿರದ ಜಮ್‌ಜಮ್ ಎಂಬ ನಿರಾಶ್ರಿತರ ಬೀಡಿನಲ್ಲಿ ಕ್ಷಾಮವಿದೆಯೆಂದು 2024ರ ಆಗಸ್ಟಿನಲ್ಲಿ ತಜ್ಞರು ನಿರ್ಣಯಿಸಿದರು. ಮುತ್ತಿಗೆಯು 500 ದಿನಗಳನ್ನು ಮೀರಿತು. 2025ರಲ್ಲಿ ಆ ಪಟ್ಟಣದ ಜನರು ಅಂಬಾಜ್ ಎಂಬದನ್ನು ತಿಂದು ಜೀವ ಹಿಡಿದರು. ಅಂಬಾಜ್ ಎಂದರೆ ಏನು? ಕಡಲೆಕಾಯಿಯಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ. ನಾವು ಹಸುವಿಗೆ ನೆನೆಸಿ ಇಡುತ್ತೇವಲ್ಲಾ, ಅದೇ. ಕಡೆಗೆ ಅದೂ ಅಪರೂಪವಾಯಿತು. 2025ರ ಅಕ್ಟೋಬರ್ 26ರಂದು ಪಟ್ಟಣವು ಮುತ್ತಿಗೆ ಹಾಕಿದವರ ವಶವಾಯಿತು. ಬಹುಮಂದಿ ನಿರಾಯುಧರು ಕೊಲ್ಲಲ್ಪಟ್ಟರು.

2. ಒಲೆಯನ್ನು ಆರಗೊಡದವರು

ಇಂಥ ಸ್ಥಿತಿಯಲ್ಲಿ ಸೂಡಾನಿನ ಜನರಿಗೆ ಉಣ್ಣಕೊಟ್ಟವರು ಯಾರು? ಹೊರದೇಶದವರು ಮಾತ್ರವೆಂದು ನೆನಸಬೇಡಿರಿ. ಮೊದಲು ಎದ್ದವರು ಅದೇ ಬೀದಿಯ ಯುವಕ ಯುವತಿಯರು. ಯುದ್ಧ ಹತ್ತಿದ ಕೆಲವೇ ದಿನಗಳಲ್ಲಿ ಪ್ರತಿಯೊಂದು ಬಡಾವಣೆಯ ಸ್ವಯಂಸೇವಕರು ಕೂಡಿಕೊಂಡು ತುರ್ತು ಸಹಾಯ ಕೊಠಡಿಗಳೆಂಬವುಗಳನ್ನು ಏರ್ಪಡಿಸಿದರು. ಯಾರ ಮನೆಯಲ್ಲಿ ರೋಗಿ ಇದ್ದಾನೆ, ಯಾವ ಬಾವಿಯಲ್ಲಿ ನೀರಿದೆ, ಯಾವ ದಾರಿಯಲ್ಲಿ ಇವತ್ತು ಗುಂಡು ಬೀಳುತ್ತದೆ ಎಂಬದನ್ನು ಅವರು ಬಲ್ಲರು. ಪರದೇಶದಲ್ಲಿರುವ ಬಂಧುಗಳು ಫೋನಿನ ಮುಖಾಂತರ ಕಳುಹಿಸಿದ ಹಣದಿಂದಲೂ, ಬೇರೆ ಸಂಘಗಳ ದಾನದಿಂದಲೂ ಧಾನ್ಯ ಕೊಂಡು, ದೊಡ್ಡ ಹಂಡೆಗಳಲ್ಲಿ ಬೇಯಿಸಿ, ಮನೆಮನೆಯ ಪಾತ್ರೆಗೆ ಅಳೆದು ಕೊಟ್ಟರು.

ಆ ದೇಶದ ಮುಖ್ಯ ಆಹಾರವು ನಮ್ಮ ಉತ್ತರ ಜಿಲ್ಲೆಗಳ ಜೋಳವೇ. ಜೋಳದ ಹಿಟ್ಟನ್ನು ಗೊಟಾಯಿಸಿ ಅಸೀದಾ ಎಂಬದನ್ನು ಮಾಡುತ್ತಾರೆ. ಅದು ನಮ್ಮ ಮುದ್ದೆಯ ಅಕ್ಕನೆಂದೇ ಹೇಳಬಹುದು. ಬಿತ್ತನೆಗೂ ಕೊಯ್ಲಿಗೂ ಮನೆ ಕಟ್ಟುವದಕ್ಕೂ ಊರವರೆಲ್ಲಾ ಕರೆಗೆ ಓಗೊಟ್ಟು ಬರುವ ಪದ್ಧತಿಗೆ ಅವರು ನಫೀರ್ ಅನ್ನುತ್ತಾರೆ. ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ. ಯುದ್ಧದ ಸಹಾಯವೆಂಬ ದೊಡ್ಡ ಹೆಸರಿನ ಈ ಕೆಲಸವು ಆ ನಾಡಿನಲ್ಲಿ ಇಂಥ ಹಳೆಯ ಬೇರಿನಿಂದಲೇ ಚಿಗುರಿತು. 2025ರಲ್ಲಿ ಈ ಕೊಠಡಿಗಳಿಗೆ ರೈಟ್ ಲೈವ್ಲಿಹುಡ್ ಎಂಬ ಅಂತರರಾಷ್ಟ್ರೀಯ ಬಹುಮಾನವು ದೊರೆಯಿತು.

ಆದರೆ ಅವರ ಕಷ್ಟವನ್ನೂ ಕೇಳಿರಿ. ಈ ಕಡೆಯ ಸೈನಿಕರು ಅವರನ್ನು ಆ ಕಡೆಯ ಗೂಢಚಾರರೆಂದೂ, ಆ ಕಡೆಯವರು ಈ ಕಡೆಯ ಸ್ನೇಹಿತರೆಂದೂ ಹಿಡಿದು ಸೆರೆಯಲ್ಲಿಟ್ಟರು. ಕೆಲವರು ಪ್ರಾಣವನ್ನೇ ಕಳಕೊಂಡರು. 2025ರ ಆರಂಭದಲ್ಲಿ ಅಮೆರಿಕ ದೇಶವು ತನ್ನ ಹೊರದೇಶದ ಸಹಾಯವನ್ನು ನಿಲ್ಲಿಸಿದಾಗ ನೂರಾರು ಅಡಿಗೆಮನೆಗಳ ಒಲೆಗಳು ಆರಿದವು. ದೂರದ ರಾಜಧಾನಿಯಲ್ಲಿ ಬಿದ್ದ ಒಂದು ರುಜುವು ಒಂದು ಬೀದಿಯ ಮಕ್ಕಳ ಮಧ್ಯಾಹ್ನದ ಊಟವನ್ನು ನಿಲ್ಲಿಸಬಲ್ಲದೆಂಬದು ಇದರಿಂದ ನಮಗೆ ತಿಳಿಯುವದು.

3. ಈ ಕೆಲಸಕ್ಕೆ ನಿಯಮ ಹುಟ್ಟಿದ ಬಗೆ

ಯುದ್ಧದಲ್ಲಿ ಬಿದ್ದವರನ್ನು ಎತ್ತುವ ಕರುಣೆಯು ಹೊಸದಲ್ಲ. ಎರಡನೆಯ ಪೂರ್ವಕಾಲವೃತ್ತಾಂತದ 28ನೇ ಅಧ್ಯಾಯವನ್ನು ಓದಿರಿ. ಸಮಾರ್ಯದವರು ಯುದ್ಧದಲ್ಲಿ ಗೆದ್ದು ಯೆಹೂದದ ಹೆಂಗಸರನ್ನೂ ಮಕ್ಕಳನ್ನೂ ಸೆರೆಹಿಡಿದು ತರುವರು. ಒದೇದನೆಂಬ ಪ್ರವಾದಿಯು ಊರ ಮುಂದೆ ನಿಂತು ಅವರನ್ನು ಗದರಿಸುವನು. ಆಗ ಅವರಲ್ಲಿ ಕೆಲವರು ಎದ್ದು, ಸೆರೆಯವರಿಗೆ ಬಟ್ಟೆ ಕೆರ ಅನ್ನಪಾನಗಳನ್ನು ಕೊಟ್ಟು, ನಡೆಯಲಾರದವರನ್ನು ಕತ್ತೆಗಳ ಮೇಲೆ ಕೂಡ್ರಿಸಿ ಅವರ ಸ್ವಂತ ಜನರ ಬಳಿಗೆ ಮುಟ್ಟಿಸುವರು. ಯುದ್ಧದಲ್ಲಿ ಸಿಕ್ಕಿದ ಸಾಮಾನ್ಯ ಜನರಿಗೆ, ಅದೂ ವೈರಿಯ ಮಕ್ಕಳಿಗೆ, ಸಹಾಯ ಮಾಡಿದ ಅತಿ ಹಳೆಯ ವೃತ್ತಾಂತಗಳಲ್ಲಿ ಇದೊಂದು.

ಆದರೆ ಕರುಣೆಯು ಒಬ್ಬೊಬ್ಬರ ಮನಸ್ಸಿಗೆ ಬಿಟ್ಟದ್ದಾಗಿರುವ ತನಕ ಅದನ್ನು ನಂಬಿಕೊಂಡಿರಲಾಗದು. ಅದಕ್ಕೆ ಕಾನೂನಿನ ಬಲವನ್ನು ತಂದವರು ಜಿನೀವ ಪಟ್ಟಣದ ಹೆನ್ರಿ ಡ್ಯೂನಾಂಟ್ ಎಂಬ ವರ್ತಕರು. 1859ನೇ ಇಸವಿ ಜೂನ್ 24ರಂದು ಇಟಲಿ ದೇಶದ ಸೊಲ್ಫೆರಿನೊ ಎಂಬಲ್ಲಿ ಘೋರ ಯುದ್ಧವಾಯಿತು. ಡ್ಯೂನಾಂಟರು ಅಲ್ಲಿಗೆ ಹೋದದ್ದು ಸೇವೆಗಾಗಿ ಅಲ್ಲ. ಆಲ್ಜೀರಿಯದಲ್ಲಿದ್ದ ತಮ್ಮ ಗಿರಣಿಯ ವ್ಯವಹಾರಕ್ಕೆ ಫ್ರಾನ್ಸಿನ ಚಕ್ರವರ್ತಿಯಿಂದ ಅಪ್ಪಣೆ ಬೇಡುವದಕ್ಕಾಗಿ. ಹತ್ತಿರದ ಕಾಸ್ಟಿಲ್ಯೋನೆ ಎಂಬ ಊರಿನಲ್ಲಿ ಸಾವಿರಾರು ಗಾಯಾಳುಗಳು ನೀರಿಗೆ ಕೂಗುತ್ತಾ ಬಿದ್ದಿರುವದನ್ನು ಅವರು ಕಂಡು, ಬಂದ ಕೆಲಸವನ್ನು ಬಿಟ್ಟು, ಊರ ಹೆಂಗಸರನ್ನು ಕೂಡಿಸಿಕೊಂಡು ನೀರು ಹೊತ್ತರು, ಗಾಯ ತೊಳೆದರು. ಆ ಹೆಂಗಸರು ಸ್ವದೇಶದವನು, ಶತ್ರು ಎಂಬ ಭೇದವನ್ನು ಮಾಡಲಿಲ್ಲ. ಎಲ್ಲರೂ ಅಣ್ಣತಮ್ಮಂದಿರೇ ಎಂದರು.

1862ರಲ್ಲಿ ಡ್ಯೂನಾಂಟರು ಇದನ್ನು ಪುಸ್ತಕವಾಗಿ ಬರೆದು ಪ್ರಕಟಿಸಿದರು. 1863ರಲ್ಲಿ ಜಿನೀವದ ಐದು ಮಂದಿ ಸೇರಿದ ಮಂಡಲಿಯಿಂದ ರೆಡ್‌ಕ್ರಾಸ್ ಸಂಘವು ಹುಟ್ಟಿತು. 1864ರ ಆಗಸ್ಟ್ 22ರಂದು 12 ರಾಜ್ಯಗಳು ಮೊದಲನೆಯ ಜಿನೀವ ಒಪ್ಪಂದಕ್ಕೆ ರುಜು ಹಾಕಿದವು. ಅದು ಗಾಯಗೊಂಡ ಸೈನಿಕರನ್ನು ಮಾತ್ರ ಕುರಿತದ್ದು. ಯುದ್ಧದಲ್ಲಿ ಸಿಕ್ಕಿದ ಸಾಮಾನ್ಯ ಜನರನ್ನು ಪ್ರತ್ಯೇಕವಾಗಿ ಕಾಪಾಡುವ ಒಪ್ಪಂದವಾದರೋ ಎರಡು ಮಹಾಯುದ್ಧಗಳು ಮುಗಿದ ಮೇಲೆ, 1949ರ ಆಗಸ್ಟ್ 12ರಂದು ಆಯಿತು. ಅದಕ್ಕೆ ನಾಲ್ಕನೆಯ ಜಿನೀವ ಒಪ್ಪಂದವೆಂದು ಹೆಸರು. ನಮ್ಮ ದೇಶದಲ್ಲಿ ಭಾರತೀಯ ರೆಡ್‌ಕ್ರಾಸ್ ಸಂಘವು 1920ರಲ್ಲಿ ಕಾನೂನಿನ ಪ್ರಕಾರ ಸ್ಥಾಪಿತವಾಯಿತು. ಜಿನೀವ ಒಪ್ಪಂದಗಳಿಗೆ ಸಂಬಂಧಪಟ್ಟ ಕಾನೂನು 1960ರಲ್ಲಿ ಆಯಿತು.

ಡ್ಯೂನಾಂಟರ ವ್ಯಾಪಾರವಾದರೋ ಮುರಿದುಬಿದ್ದಿತು. ಅವರು ಸಾಲಗಾರರಾಗಿ, ಜನರ ಕಣ್ಣಿಗೆ ಮರೆಯಾಗಿ, ಹೈಡನ್ ಎಂಬ ಹಳ್ಳಿಯಲ್ಲಿ ಮುಪ್ಪನ್ನು ಕಳೆದರು. 1901ರಲ್ಲಿ ಮೊದಲನೆಯ ನೊಬೆಲ್ ಶಾಂತಿ ಬಹುಮಾನದಲ್ಲಿ ಅರ್ಧವು ಅವರಿಗೆ ಬಂತು. 1910ರ ಅಕ್ಟೋಬರ್ 30ರಂದು ತೀರಿಹೋದರು.

4. ಸೊಲ್ಲಾಪುರದ ವೈದ್ಯರು

ಅದೇ ಅಕ್ಟೋಬರ್ ತಿಂಗಳಲ್ಲಿ, ಡ್ಯೂನಾಂಟರ ಮರಣಕ್ಕೆ ಇಪ್ಪತ್ತು ದಿನ ಮುಂಚೆ, ನಮ್ಮ ನಾಡಿನ ಗಡಿಯಲ್ಲಿರುವ ಸೊಲ್ಲಾಪುರದಲ್ಲಿ ದ್ವಾರಕಾನಾಥ ಕೋಟ್ನಿಸ್ ಎಂಬವರು ಹುಟ್ಟಿದರು. ಸೊಲ್ಲಾಪುರವು ಕನ್ನಡ, ಮರಾಠಿ, ತೆಲುಗು ಮೂರೂ ಮಾತುಗಳು ಕೇಳಿಬರುವ ಪಟ್ಟಣ. ಕೋಟ್ನಿಸರು ಬೊಂಬಾಯಿಯಲ್ಲಿ ವೈದ್ಯಶಾಸ್ತ್ರವನ್ನು ಕಲಿತರು. 1937ರಲ್ಲಿ ಜಪಾನ್ ದೇಶವು ಚೀನದ ಮೇಲೆ ದಂಡೆತ್ತಿ ಹೋಯಿತು. ಚೀನದವರು ವೈದ್ಯರನ್ನು ಕಳುಹಿಸಬೇಕೆಂದು ಜವಾಹರಲಾಲ ನೆಹರೂರವರನ್ನು ಬೇಡಿಕೊಂಡರು. ಆಗಿನ ಕಾಂಗ್ರೆಸ್ ಅಧ್ಯಕ್ಷರಾದ ಸುಭಾಷಚಂದ್ರ ಬೋಸರು ದೇಶದಲ್ಲೆಲ್ಲಾ ಹಣ ಕೂಡಿಸಿದರು. ಹೀಗೆ 1938ರ ಸೆಪ್ಟೆಂಬರಿನಲ್ಲಿ ಅಟಲ್, ಚೋಳ್ಕರ್, ಕೋಟ್ನಿಸ್, ಬಸು, ಮುಖರ್ಜಿ ಎಂಬ ಐದು ಮಂದಿ ವೈದ್ಯರು ಬೊಂಬಾಯಿಯಿಂದ ಹಡಗು ಹತ್ತಿದರು. ನಮ್ಮ ದೇಶವೇ ಆಗ ಪರಾಧೀನವಾಗಿತ್ತು, ನಮ್ಮ ಹಳ್ಳಿಗಳಲ್ಲಿಯೂ ವೈದ್ಯರಿರಲಿಲ್ಲ ಎಂಬದನ್ನು ನೆನಪಿನಲ್ಲಿಡಿರಿ.

ಕೋಟ್ನಿಸರು ಚೀನದ ಭಾಷೆಯನ್ನು ಕಲಿತರು. ತಂದೆ ತೀರಿಹೋದ ಸುದ್ದಿ ಬಂದಾಗ್ಯೂ ಹಿಂದಿರುಗಲಿಲ್ಲ. 1940ರ ಕಾಳಗದ ಸಮಯದಲ್ಲಿ 72 ಗಂಟೆ ನಿದ್ರೆಯಿಲ್ಲದೆ ಶಸ್ತ್ರಚಿಕಿತ್ಸೆ ನಡಿಸಿದರೆಂದು ಹೇಳುತ್ತಾರೆ. ಕೆನಡ ದೇಶದ ವೈದ್ಯರಾದ ಬೆಥೂನರ ಹೆಸರಿನ ಆಸ್ಪತ್ರೆಗೆ ಮುಖ್ಯಸ್ಥರಾದರು. ಸೈನಿಕರಿಗಲ್ಲದೆ ಸುತ್ತಣ ಹಳ್ಳಿಗಳವರಿಗೂ ಚಿಕಿತ್ಸೆ ಮಾಡಿದರು. ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾದರು. 1942ರಲ್ಲಿ ಹುಟ್ಟಿದ ಮಗುವಿಗೆ ಭಾರತ ಚೀನ ಎರಡರ ಹೆಸರುಗಳನ್ನು ಕೂಡಿಸಿ ಯಿನ್‌ಹುವಾ ಎಂದು ಹೆಸರಿಟ್ಟರು. ಆ ವರುಷದ ಡಿಸೆಂಬರ್ 9ರಂದು ಮೂರ್ಛೆರೋಗದಿಂದ ತೀರಿಹೋದಾಗ ಅವರ ವಯಸ್ಸು 32 ಮಾತ್ರ.

ಇಲ್ಲಿ ಒಂದು ಭೇದವನ್ನು ಗಮನಿಸತಕ್ಕದ್ದು. ಕೋಟ್ನಿಸರು ಒಂದು ಪಕ್ಷದ ಸೈನ್ಯದ ಸಂಗಡ ಸೇರಿ ಸೇವೆ ಮಾಡಿದರು. ದಾಳಿಗೆ ಒಳಗಾದವರ ಪಕ್ಷವನ್ನು ತಿಳಿದೇ ಹಿಡಿದರು. ರೆಡ್‌ಕ್ರಾಸಿನವರ ಮಾರ್ಗವು ಬೇರೆ. ಅವರು ಯಾವ ಪಕ್ಷವನ್ನೂ ಹಿಡಿಯುವದಿಲ್ಲ. ಯಾಕಂದರೆ ಪಕ್ಷ ಹಿಡಿದವನಿಗೆ ಎದುರು ಪಕ್ಷದ ಊರಿಗೆ ಹೋಗುವ ದಾರಿಯು ಮುಚ್ಚಿಹೋಗುವದು, ಆ ಊರಿನ ಮಕ್ಕಳಿಗೂ ಹಸಿವೆಯುಂಟು. ಎರಡೂ ಮಾರ್ಗಗಳಲ್ಲಿ ತ್ಯಾಗವಿದೆ. ಆದರೆ ಎರಡನ್ನೂ ಒಂದೇ ಎಂದು ಎಣಿಸಬಾರದು.

5. ಕೆಲಸವು ನಡೆಯುವ ಬಗೆ

ಈ ಕೆಲಸಕ್ಕೆ ಹುಮ್ಮಸ್ಸು ಸಾಲದು, ಲೆಕ್ಕ ಬೇಕು. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 2,100 ಕ್ಯಾಲೊರಿ ಕೊಡುವಷ್ಟು ಆಹಾರವೂ, ಕುಡಿಯುವದಕ್ಕೂ ಅಡಿಗೆಗೂ ತೊಳೆಯುವದಕ್ಕೂ ಸೇರಿ ಕನಿಷ್ಠ 15 ಲೀಟರು ನೀರೂ ಬೇಕೆಂದು ಸಹಾಯ ಸಂಘಗಳು ಗೊತ್ತುಮಾಡಿವೆ. ಒಬ್ಬನಿಗೆ ದಿನಕ್ಕೆ ಅರ್ಧ ಕಿಲೋ ಧಾನ್ಯವೆಂದು ಇಟ್ಟುಕೊಂಡರೆ, ಹತ್ತು ಟನ್ನಿನ ಒಂದು ಲಾರಿಯು ಸಾವಿರ ಜನರಿರುವ ಒಂದು ಹಳ್ಳಿಗೆ ಇಪ್ಪತ್ತು ದಿನ ಬರುವದು. ಇಪ್ಪತ್ತೊಂದನೆಯ ದಿನ ಮತ್ತೊಂದು ಲಾರಿ ಬಾರದಿದ್ದರೆ ಮೊದಲಿನ ಕೆಲಸವೆಲ್ಲಾ ಅರ್ಧಕ್ಕೆ ನಿಂತ ಹಾಗೆಯೇ. ಆದಕಾರಣ ಒಂದು ದಿನದ ದೊಡ್ಡ ದಾನಕ್ಕಿಂತಲೂ ತಪ್ಪದೆ ಬರುವ ಸಣ್ಣ ದಾನವು ಹೆಚ್ಚು ಪ್ರಯೋಜನಕರ.

ಲಾರಿಯು ಹೊರಡುವ ಮುಂಚೆ ದಾರಿಯನ್ನು ಹಿಡಿದಿರುವ ಎಲ್ಲಾ ಪಕ್ಷಗಳಿಗೆ ತಿಳಿಸಿ ಅಪ್ಪಣೆ ಪಡೆಯಬೇಕು, ಯಾವ ದಿನ, ಯಾವ ದಾರಿ, ಎಷ್ಟು ಬಂಡಿ ಎಂದು ಹೇಳಬೇಕು, ಬಂಡಿಯ ಮೇಲೆ ಗುರುತು ಕಾಣಬೇಕು, ಒಳಗೆ ಆಯುಧವಿರಕೂಡದು. ಇಷ್ಟು ಮಾಡಿದಾಗ್ಯೂ ಅಪಾಯ ತಪ್ಪದು. 2024ರ ಏಪ್ರಿಲ್ 1ರಂದು ಗಾಜಾ ಪ್ರಾಂತದಲ್ಲಿ ವರ್ಲ್ಡ್ ಸೆಂಟ್ರಲ್ ಕಿಚನ್ ಎಂಬ ಸಂಘದ ಏಳು ಮಂದಿ ಇಸ್ರಾಯೇಲ್ ಸೈನ್ಯದ ದಾಳಿಯಿಂದ ಸತ್ತರು. ಅವರು ತಮ್ಮ ಪ್ರಯಾಣವನ್ನು ಆ ಸೈನ್ಯಕ್ಕೆ ಮುಂಚೆಯೇ ತಿಳಿಸಿದ್ದರು. ಅದು ದೊಡ್ಡ ತಪ್ಪೆಂದು ಸೈನ್ಯವು ಆಮೇಲೆ ಒಪ್ಪಿಕೊಂಡಿತು. 2025ರ ಜೂನ್ ಆರಂಭದಲ್ಲಿ ವಿಶ್ವ ಆಹಾರ ಕಾರ್ಯಕ್ರಮ, ಯುನಿಸೆಫ್ ಇವುಗಳ 15 ಲಾರಿಗಳು ಪೋರ್ಟ್ ಸೂಡಾನಿನಿಂದ 1,800 ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗಿ, ಎಲ್ ಫಾಶರಿಗೆ ಹೋಗುವ ಅಪ್ಪಣೆಗಾಗಿ ಅಲ್ ಕೋಮಾ ಎಂಬಲ್ಲಿ ಕಾದಿದ್ದಾಗ ದಾಳಿಗೆ ಗುರಿಯಾದವು. ಐದು ಮಂದಿ ಸತ್ತರು. ಅದೇ ವರುಷದ ಅಕ್ಟೋಬರಿನಲ್ಲಿ ಬಾರಾ ಎಂಬ ಊರಿನಲ್ಲಿ ಕೆಂಪು ಅರ್ಧಚಂದ್ರ ಸಂಘದ ಐದು ಮಂದಿ ಸ್ವಯಂಸೇವಕರು ಕೊಲ್ಲಲ್ಪಟ್ಟರು. ಲೋಕದಲ್ಲೆಲ್ಲಾ ಸೇರಿ 2024ನೇ ಇಸವಿಯೊಂದರಲ್ಲಿಯೇ ಇಂಥ ಸೇವಕರಲ್ಲಿ 383 ಮಂದಿ ಸತ್ತರೆಂದು ವಿಶ್ವಸಂಸ್ಥೆಯು ತಿಳಿಸಿದೆ. ಅವರಲ್ಲಿ ಹೆಚ್ಚಿನವರು ಆಯಾ ದೇಶದವರೇ.

ಸಹಾಯ ತಕ್ಕೊಳ್ಳುವವರಿಗೂ ಅಪಾಯವುಂಟು. 2022ರ ಮಾರ್ಚ್ 1ರಂದು ಯುಕ್ರೇನ್ ದೇಶದ ಖಾರ್ಕಿವ್ ಪಟ್ಟಣದಲ್ಲಿ ನಮ್ಮ ಹಾವೇರಿ ಜಿಲ್ಲೆಯ ಒಬ್ಬ ವೈದ್ಯ ವಿದ್ಯಾರ್ಥಿಯು ಆಹಾರ ತರುವದಕ್ಕೆ ಹೊರಗೆ ಹೋಗಿದ್ದಾಗ ದಾಳಿಯಲ್ಲಿ ಸತ್ತನು. ಆದದರಿಂದಲೇ ಒಂದೇ ಕಡೆ ದೊಡ್ಡ ಗುಂಪು ಸೇರಿಸದೆ, ಬೀದಿಬೀದಿಗೆ ಸಣ್ಣದಾಗಿ ಹಂಚುವದೂ, ನಡೆಯಲಾರದವರ ಮನೆಗೆ ತಾನೇ ಹೋಗುವದೂ ಬುದ್ಧಿವಂತರ ಕ್ರಮ.

ಹಂಚುವದರಲ್ಲಿ ನಾನೇ ಮಾಡಿದ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ನಾವು ಕೆಲವರು ಒಂದು ಬಂಡಿಯಲ್ಲಿ ಅಕ್ಕಿಯನ್ನೂ ಬಟ್ಟೆಯ ಗಂಟುಗಳನ್ನೂ ತುಂಬಿಕೊಂಡು ಹೋದೆವು. ಯಾರನ್ನೂ ವಿಚಾರಿಸಲಿಲ್ಲ, ಪಟ್ಟಿ ಮಾಡಲಿಲ್ಲ. ಬಂಡಿಯ ಮೇಲೆ ನಿಂತು ಚೀಲಗಳನ್ನು ಕೆಳಗೆ ನೀಡಿದೆವು. ಬಲವುಳ್ಳ ಗಂಡಸರು ಮುಂದೆ ನುಗ್ಗಿ ಎರಡೆರಡು ಚೀಲ ಹಿಡಿದರು. ಎಲ್ಲಾ ಮುಗಿದ ಮೇಲೆ ಒಬ್ಬ ಮುದುಕಿಯು ಮಳೆಯಲ್ಲಿ ಗೊರಗ ಹೊದ್ದುಕೊಂಡು ಬರಿಗೈಯಲ್ಲಿ ನಿಂತಿದ್ದರು. ಗಂಟುಗಳನ್ನು ಬಿಚ್ಚಿ ನೋಡಿದರೆ ಅರ್ಧಕ್ಕೆ ಮೇಲಾಗಿ ಹರಿದ ಬಟ್ಟೆಗಳೇ. ನಾವು ಉಡಲಾರದ್ದನ್ನು ಅವರಿಗೆ ಕೊಟ್ಟಿದ್ದೆವು. ಆ ಮುದುಕಿಯು ಏನೂ ಹೇಳಲಿಲ್ಲ. "ಪರವಾಗಿಲ್ಲ ಮಗ, ದೂರದಿಂದ ಬಂದಿದ್ದೀರಿ, ಊಟ ಆಯ್ತಾ?" ಎಂದು ಕೇಳಿದರು, ಅಷ್ಟೇ. ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ.

6. ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳುವದು

1965ರಲ್ಲಿ ವಿಯೆನ್ನಾ ಪಟ್ಟಣದಲ್ಲಿ ರೆಡ್‌ಕ್ರಾಸಿನವರು ಏಳು ಮೂಲ ನಿಯಮಗಳನ್ನು ಸಾರಿದರು. ಅವುಗಳಲ್ಲಿ ಮೊದಲಿನ ನಾಲ್ಕನ್ನು ಮಕ್ಕಳಿಗೂ ಕಲಿಸಿರಿ. ಮಾನವೀಯತೆ: ನೋವು ಎಲ್ಲಿದೆಯೋ ಅಲ್ಲಿಗೆ ಹೋಗುವದು. ನಿಷ್ಪಕ್ಷಪಾತ: ಯಾರಿಗೆ ಹೆಚ್ಚು ಕೊರತೆಯೋ ಅವರಿಗೆ ಮೊದಲು ಕೊಡುವದು, ಜಾತಿ, ಮತ, ದೇಶವನ್ನು ಕೇಳದಿರುವದು. ತಾಟಸ್ಥ್ಯ: ಜಗಳದಲ್ಲಿ ಪಕ್ಷ ಹಿಡಿಯದಿರುವದು. ಸ್ವಾತಂತ್ರ್ಯ: ಹಣ ಕೊಟ್ಟ ದೊರೆಯ ಕೈಗೊಂಬೆಯಾಗದಿರುವದು. 1994ರಲ್ಲಿ ರೆಡ್‌ಕ್ರಾಸಿನವರೂ ಬೇರೆ ಸಂಘಗಳವರೂ ಸೇರಿ ಒಂದು ನಡತೆಯ ಕಟ್ಟಳೆಯನ್ನು ಮಾಡಿದರು. ಯಾವದಾದರೂ ರಾಜಕೀಯ ಪಕ್ಷವನ್ನಾಗಲಿ ಮತವನ್ನಾಗಲಿ ಮುಂದಕ್ಕೆ ತರುವದಕ್ಕೆ ಸಹಾಯವನ್ನು ಸಾಧನವಾಗಿ ಉಪಯೋಗಿಸಬಾರದೆಂಬದು ಅದರ ಒಂದು ಮಾತು.

ಈ ಕಡೆಯ ಮಾತು ನಮಗೆ ನಾಟತಕ್ಕದ್ದು. 1876ರಿಂದ 1878ರ ವರೆಗಿನ ಮಹಾ ಕ್ಷಾಮದ ಕಥೆಯನ್ನು ನಮ್ಮ ಹಿರಿಯರಿಂದ ಕೇಳಿದ್ದೇವೆ. 1871ರ ಗಣತಿಯಲ್ಲಿ 50 ಲಕ್ಷವನ್ನು ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಕಾಲದಿಂದ, ಅನ್ನಕ್ಕಾಗಿ ಮತಕ್ಕೆ ಸೇರಿದವರೆಂಬ ನಿಂದೆಯನ್ನು ನಮ್ಮ ಜನರು ಕೇಳುತ್ತಾ ಬಂದಿದ್ದಾರೆ. ನಿಂದೆಯು ನಮ್ಮನ್ನು ನೋಯಿಸುವದು. ಆದರೆ ಯೋಚಿಸಿ ನೋಡಿರಿ: ಒಂದು ಹಿಡಿ ಅಕ್ಕಿಯ ಹಿಂದೆ ಒಂದು ಷರತ್ತನ್ನು ಬಚ್ಚಿಟ್ಟವನು ಯಾವ ಮತದವನಾದರೂ ಹಸಿದವನನ್ನು ಎರಡು ಸಾರಿ ಬಡವನನ್ನಾಗಿ ಮಾಡುತ್ತಾನೆ. ಅವನ ಹೊಟ್ಟೆ ಬರಿದಾಗಿತ್ತು. ಈಗ ಅವನ ಮಾನವೂ ಹೋಯಿತು. ಒಳ್ಳೇ ಸಮಾರ್ಯದವನು ಗಾಯಾಳುವನ್ನು ಎತ್ತುವ ಮುಂಚೆ ಏನನ್ನೂ ಕೇಳಲಿಲ್ಲ, ಬಿಟ್ಟುಹೋಗುವಾಗಲೂ ಏನನ್ನೂ ಬೇಡಲಿಲ್ಲ. ಛತ್ರದವನಿಗೆ ಹಣ ಕೊಟ್ಟು, ಸಾಲದಿದ್ದರೆ ತಿರಿಗಿ ಬಂದಾಗ ಕೊಡುವೆನೆಂದು ಹೇಳಿ ಹೋದನು. ಕೊಡುವವನು ಹೀಗೆಯೇ ಕೊಡಬೇಕು.

7. ತಾಯಿಗೆ ಕೊಟ್ಟ ಉತ್ತರ

ಎರಡು ವಾರಗಳಾದ ಮೇಲೆ ಆ ತಾಯಿಯ ಮನೆಗೆ ಹೋಗಿ ಕೂತುಕೊಂಡು ಹೀಗೆ ಹೇಳಿದೆನು: "ಅಮ್ಮಾ, ಕಳುಹಿಸಿರೆಂದು ಹೇಳುವ ಹಕ್ಕು ನನಗಿಲ್ಲ, ಯಾಕಂದರೆ ಹೋಗುವದು ನನ್ನ ಮಗಳಲ್ಲ. ತಡೆಯಿರೆಂದು ಹೇಳುವ ಧೈರ್ಯವೂ ಇಲ್ಲ. ಮಗಳನ್ನು ಈ ನಾಲ್ಕು ಮಾತು ಕೇಳಿರಿ. ಆ ಸಂಘವು ಎರಡೂ ಪಕ್ಷದವರ ಅಪ್ಪಣೆಯಿಂದ ಹೋಗುವದೋ? ಹೊರಡುವ ಮುಂಚೆ ಅಪಾಯದಲ್ಲಿ ನಡಕೊಳ್ಳುವ ಬಗೆಯನ್ನು ಕಲಿಸುವರೋ? ಬೇಡವೆನಿಸಿದ ದಿನ ಹಿಂದಿರುಗಿ ಬರುವ ಸ್ವಾತಂತ್ರ್ಯವುಂಟೋ? ನಾಲ್ಕನೆಯದನ್ನು ಅವಳೇ ತನ್ನನ್ನು ಕೇಳಿಕೊಳ್ಳಲಿ: ಹೆಸರಿಗಾಗಿ ಹೋಗುತ್ತೇನೋ, ಹೆಸರು ಯಾರಿಗೂ ತಿಳಿಯದಿದ್ದರೂ ಹೋಗುವೆನೋ?"

ಆ ತಾಯಿಯು ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, "ಆ ಹಿಂಡಿ ತಿಂದರು ಅಂದ್ರಲ್ಲ ಅಯ್ಯನವರೇ, ಆ ಊರಲ್ಲೂ ಒಬ್ಬ ತಾಯಿ ತನ್ನ ಮಗಳನ್ನು ಅಡಿಗೆಮನೆ ಕೆಲಸಕ್ಕೆ ಹೋಗು ಅಂತ ಕಳಿಸಿರಬೇಕಲ್ಲ" ಎಂದರು. ಅದಕ್ಕಿಂತ ಹೆಚ್ಚಿನ ಪಾಠವನ್ನು ನಾನು ಕಲಿಸಲಾರೆ. ಮಗಳು ಮೂರು ಮಾತಿಗೆ ಕಾಗದದಲ್ಲಿ ಉತ್ತರ ಬರೆದಳು. ನಾಲ್ಕನೆಯದಕ್ಕೆ, ಇನ್ನೂ ಯೋಚಿಸುತ್ತಿದ್ದೇನೆ ಎಂದು ಬರೆದಳು. ಆ ಉತ್ತರವನ್ನು ಕಂಡು ತಾಯಿಗೆ ಧೈರ್ಯ ಬಂತು. ಅವಳು ಈಗ ಹೊರಡುವ ಮುಂಚಿನ ಶಿಕ್ಷಣದಲ್ಲಿದ್ದಾಳೆ.

ಎಲ್ಲರೂ ಹೋಗಲಾರರು, ಹೋಗಬೇಕಾದದ್ದೂ ಇಲ್ಲ. ಆದರೆ ಮನೆಯಲ್ಲಿರುವವರಿಗೂ ಕೆಲಸವುಂಟು. ಹಿಡಿಯಕ್ಕಿಯನ್ನು ಎತ್ತಿಡುವ ಮನೆಗಳು ತಿಂಗಳಿಗೊಂದು ವಾರದ ಹಿಡಿಯನ್ನು ಮಾರಿ, ಆ ಹಣವನ್ನು ಲೆಕ್ಕ ಒಪ್ಪಿಸುವ ಸಂಘಕ್ಕೆ ಕಳುಹಿಸಿ ರಶೀತಿ ಪಡೆಯಲಿ. ಹರಿದ ಬಟ್ಟೆಯನ್ನು ಕೊಡಬೇಡಿರಿ. ಯೌವನಸ್ಥರು ಗಾಯ ಕಟ್ಟುವದನ್ನೂ ನೀರು ಶುದ್ಧಮಾಡುವದನ್ನೂ ಕಲಿತು ಜಿಲ್ಲೆಯ ರೆಡ್‌ಕ್ರಾಸ್ ಶಾಖೆಯಲ್ಲಿ ಸ್ವಯಂಸೇವಕರಾಗಲಿ. ಪ್ರವಾಹ ಬಂದಾಗ ಅದೇ ವಿದ್ಯೆ ನಮ್ಮ ಊರಿಗೂ ಬೇಕಾಗುವದು. ಯುದ್ಧದ ಸುದ್ದಿಯನ್ನು ಕೇಳುವಾಗ ಯಾರು ಗೆದ್ದರು ಎಂದು ಕೇಳುವ ಮುಂಚೆ ಯಾರು ಉಣ್ಣದೆ ಮಲಗಿದರು ಎಂದು ಕೇಳುವ ಅಭ್ಯಾಸವನ್ನು ಮಾಡಿಕೊಳ್ಳಿರಿ.

ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು

1. ಸೂಡಾನಿನ ನಫೀರಿಗೂ ನಮ್ಮ ಮುಯ್ಯಾಳಿಗೂ ಇರುವ ಹೋಲಿಕೆ ಯಾವದು?

2. 1864ರ ಒಪ್ಪಂದವು ಯಾರನ್ನು ಕುರಿತದ್ದು? 1949ರಲ್ಲಿ ಯಾರು ಸೇರಿದರು?

3. ಕೋಟ್ನಿಸರ ಮಾರ್ಗಕ್ಕೂ ರೆಡ್‌ಕ್ರಾಸಿನ ಮಾರ್ಗಕ್ಕೂ ಇರುವ ಭೇದವೇನು?

4. ಸಾವಿರ ಜನರ ಹಳ್ಳಿಗೆ ಒಂದು ತಿಂಗಳಿಗೆ ಎಷ್ಟು ಧಾನ್ಯ ಬೇಕು? ಲೆಕ್ಕ ಮಾಡಿ ಹೇಳಿರಿ.

5. ಬಂಡಿಯ ಮೇಲಿನಿಂದ ಚೀಲ ನೀಡುವದರಲ್ಲಿ ಏನು ತಪ್ಪು? ನಿಮ್ಮ ಊರಲ್ಲಿ ಹಂಚಬೇಕಾದರೆ ಯಾರ ಹೆಸರನ್ನು ಪಟ್ಟಿಯಲ್ಲಿ ಮೊದಲು ಬರೆಯುವಿರಿ?

6. ನಿಮ್ಮ ಮಗನೋ ಮಗಳೋ ಇಂಥ ಕಾಗದ ಬರೆದರೆ ನೀವು ಏನು ಉತ್ತರ ಕೊಡುವಿರಿ? ಇದಕ್ಕೆ ಕೂಟದಲ್ಲಿ ಉತ್ತರ ಹೇಳಬೇಡಿರಿ. ಮನೆಗೆ ಹೋಗಿ ಯೋಚಿಸಿರಿ.